ಕಾಲೇಜಲ್ಲಿ ಫಿಲಾಸಫಿಗೆ ಬೀಗ, ಎಐ ಕಂಪನಿಲಿ ಫಿಲಾಸಫರ್‌ಗೆ ಕೆಲಸ: ಏನಿದರ ಲೆಕ್ಕಾಚಾರ?

ಇತ್ತೀಚೆಗೆ ಎರಡು ಥರದ ಸುದ್ದಿ ಬೆನ್ನುಬೆನ್ನಿಗೆ ಬರ್ತಿವೆ, ಎರಡನ್ನೂ ಓದಿದವರಿಗೆ ಯಾವುದನ್ನ ನಂಬಬೇಕು ಅಂತಾನೇ ಗೊತ್ತಾಗ್ತಿಲ್ಲ. ಒಂದು ಕಡೆ ಯೂನಿವರ್ಸಿಟಿಗಳು ಫಿಲಾಸಫಿ ವಿಭಾಗ ಮುಚ್ತಿವೆ. ಬ್ರಿಟನ್ನಿನ ಕೆಂಟ್ ಯೂನಿವರ್ಸಿಟಿ 2024ರಲ್ಲಿ ಫಿಲಾಸಫಿ, ಆಂತ್ರೊಪಾಲಜಿ, ಕಲಾ ಇತಿಹಾಸ ಎಲ್ಲಾ ಸೇರಿಸಿ ಹಂತಹಂತವಾಗಿ ನಿಲ್ಲಿಸ್ತೀವಿ ಅಂದ್ಬಿಡ್ತು. ಇನ್ನೊಂದು ಕಡೆ ಆಂಥ್ರೊಪಿಕ್, ಗೂಗಲ್ ಡೀಪ್‌ಮೈಂಡ್ ಥರದ ಎಐ ಕಂಪನಿಗಳಲ್ಲಿ ಫಿಲಾಸಫಿ ಓದಿದವರು ದೊಡ್ಡ ಜಾಗದಲ್ಲೇ ಕೂತಿದಾರೆ. ಇದರ ಜೊತೆಗೆ 2025ರಲ್ಲಿ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಒಂದು ಪಟ್ಟಿ ವೈರಲ್ ಆಯ್ತು. ಅಮೆರಿಕದಲ್ಲಿ ಹೊಸದಾಗಿ ಡಿಗ್ರಿ ಮುಗಿಸಿದವರಲ್ಲಿ ಕಂಪ್ಯೂಟರ್ ಸೈನ್ಸ್‌ನೋರ ನಿರುದ್ಯೋಗ 6.1 ಪರ್ಸೆಂಟ್, ಫಿಲಾಸಫಿಯೋರದ್ದು 3.2 ಪರ್ಸೆಂಟ್.

ಮಗಳಿಗೆ ಸಿಎಸ್ ಸೀಟಿಗೋಸ್ಕರ ಲಕ್ಷಗಟ್ಟಲೆ ಕಟ್ಟಿದ ಬೆಂಗಳೂರಿನ ಅಪ್ಪ ಅಮ್ಮಂಗೆ ಇದನ್ನ ಓದಿದ್ರೆ ಹೊಟ್ಟೆ ಉರಿಯೋದು ಗ್ಯಾರಂಟಿ. ಹಾಗಾದ್ರೆ ಫಿಲಾಸಫಿ ಸಾಯ್ತಿದ್ಯಾ, ಬೆಳೀತಿದ್ಯಾ? ಕಾಲೇಜಿನ ಹೊರಗೆ ಫಿಲಾಸಫರ್ ಆಗಿ ಬದುಕೋದು ಅಂದ್ರೆ ನಿಜಕ್ಕೂ ಏನು, ಅಲ್ಲಿ ಸಿಗೋದೇನು ಸಿಗದೇ ಇರೋದೇನು, ಒಂದೊಂದಾಗಿ ಬಿಡಿಸಿ ನೋಡೋಣ.

ಆ 3.2 ಪರ್ಸೆಂಟ್ ಒಳಗೆ ಏನಿದೆ

ನಿರುದ್ಯೋಗ ಅನ್ನೋ ಲೆಕ್ಕದಲ್ಲಿ ಬರೋದು ಕೆಲಸ ಹುಡುಕ್ತಾ ಇದ್ದು ಇನ್ನೂ ಸಿಗದವರು ಮಾತ್ರ. ಫಿಲಾಸಫಿ ಓದಿದ ಹುಡುಗ ಕಾಫಿ ಶಾಪಲ್ಲಿ ಕೌಂಟರ್ ನೋಡ್ಕೊಂಡಿದ್ರೂ ಈ ಲೆಕ್ಕದಲ್ಲಿ ಅವನು ಉದ್ಯೋಗಿ. ಸಿಎಸ್ ಓದಿದವನು ತನ್ನ ಫೀಲ್ಡಲ್ಲೇ ಕೆಲಸ ಬೇಕು ಅಂತ ಆರು ತಿಂಗಳು ಕಾಯ್ತಾನೆ, ಕಾಯೋಕೆ ಅವನಿಗೆ ಕಾರಣ ಇದೆ, ಸಿಕ್ಕಿದ್ರೆ ಸಂಬಳ ಜಾಸ್ತಿ. ಫಿಲಾಸಫಿಯೋನಿಗೆ ಕಾಯೋಕೆ ಅಂತ ಒಂದು "ತನ್ನ ಫೀಲ್ಡ್" ಇಲ್ಲ, ಹಾಗಾಗಿ ಸಿಕ್ಕಿದ್ದಕ್ಕೆ ಸೇರ್ಕೋತಾನೆ. ಅದೇ ಪಟ್ಟಿಯಲ್ಲಿ ಪಕ್ಕದಲ್ಲೇ ಇನ್ನೊಂದು ಕಾಲಂ ಇದೆ, ಡಿಗ್ರಿ ಬೇಕಿಲ್ಲದ ಕೆಲಸ ಮಾಡ್ತಿರೋ ಡಿಗ್ರಿ ಹೋಲ್ಡರ್‌ಗಳು ಎಷ್ಟು ಅಂತ. ಅದರಲ್ಲಿ ಸಿಎಸ್‌ನೋರ ಪ್ರಮಾಣ ಫಿಲಾಸಫಿಯೋರಿಗಿಂತ ತುಂಬಾ ಕಮ್ಮಿ, ಶುರುವಿನ ಸಂಬಳದಲ್ಲೂ ಸಿಎಸ್ಸೇ ಬಹಳ ಮುಂದೆ. ವೈರಲ್ ಮಾಡಿದವರು ಆ ಕಾಲಂ ಕತ್ತರಿಸಿ ಹಾಕಿದ್ರು, ಅಷ್ಟೇ.

ಹಾಗಂತ ಫಿಲಾಸಫಿ ಓದಿದ್ರೆ ಬೀದಿಗೆ ಬರ್ತಾರೆ ಅನ್ನೋದೂ ಸುಳ್ಳು. 2015ರ ನವೆಂಬರಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷದ ಡಿಬೇಟಲ್ಲಿ, ಆಗ ಅಧ್ಯಕ್ಷ ಹುದ್ದೆಗೆ ಓಡ್ತಿದ್ದ ಮಾರ್ಕೊ ರೂಬಿಯೊ, ಫಿಲಾಸಫರ್‌ಗಳಿಗಿಂತ ವೆಲ್ಡರ್‌ಗಳು ಜಾಸ್ತಿ ದುಡೀತಾರೆ, ನಮಗೆ ವೆಲ್ಡರ್‌ಗಳು ಬೇಕು ಅಂದಿದ್ರು. ಅಂಕಿಅಂಶ ತೆಗೆದು ನೋಡಿದವರು ಅದು ತಪ್ಪು ಅಂತ ತೋರಿಸಿದ್ರು, 2018ರಲ್ಲಿ ರೂಬಿಯೊ ಅವರೇ ಮಾತು ಬದಲಾಯಿಸಿದ್ರು. ಲಿಂಕ್ಡ್‌ಇನ್ ಕಟ್ಟಿದ ರೀಡ್ ಹಾಫ್‌ಮನ್, ಆಫೀಸ್ ಚಾಟ್ ಆ್ಯಪ್ ಸ್ಲ್ಯಾಕ್ ಕಟ್ಟಿದ ಸ್ಟುವರ್ಟ್ ಬಟರ್‌ಫೀಲ್ಡ್ ಇಬ್ಬರೂ ಫಿಲಾಸಫಿ ಓದಿದವರೇ. ಆದ್ರೆ ಇಲ್ಲಿ ಒಂದು ಗೊಂದಲ ಇದೆ ನೋಡಿ, ಫಿಲಾಸಫಿ ಓದಿ ಬೇರೆ ಏನೋ ಆಗೋದು ಒಂದು ವಿಷಯ, ಕಾಲೇಜಿನ ಹೊರಗೆ ಫಿಲಾಸಫರ್ ಆಗೇ ಕೆಲಸ ಮಾಡೋದು ಇನ್ನೊಂದು. ಬಟರ್‌ಫೀಲ್ಡ್ ಉದಾಹರಣೆ ಮೊದಲನೇದಕ್ಕೆ ಮಾತ್ರ ಸಾಕ್ಷಿ. ಈ ಎರಡನ್ನೂ ಕಲಸಿಬಿಡೋದ್ರಿಂದಲೇ ಅರ್ಧ ಚರ್ಚೆ ಹಾಳಾಗ್ತಿದೆ.

ವಿಭಾಗ ಮುಚ್ಚೋಕೆ ಕಾರಣ ಬೇರೆ

ಬ್ರಿಟನ್ನಲ್ಲಿ ಸರಣಿಯಾಗಿ ಕೋರ್ಸ್ ಮುಚ್ತಿರೋದಕ್ಕೂ ಫಿಲಾಸಫಿಯ ಯೋಗ್ಯತೆಗೂ ಸಂಬಂಧ ಕಮ್ಮಿ, ಲೆಕ್ಕಪುಸ್ತಕಕ್ಕೆ ಸಂಬಂಧ ಜಾಸ್ತಿ. ಇಂಗ್ಲೆಂಡಲ್ಲಿ ಅಲ್ಲಿನ ವಿದ್ಯಾರ್ಥಿಗಳಿಂದ ತಗೊಳ್ಳೋ ಫೀಸಿಗೆ ಸರ್ಕಾರದ ಮಿತಿ ಇದೆ. 2012ರಲ್ಲಿ 9,000 ಪೌಂಡ್, 2017ರಲ್ಲಿ 9,250 ಪೌಂಡ್, ಆಮೇಲೆ 2025ರವರೆಗೂ ಅಲ್ಲೇ ನಿಂತಿತ್ತು. ಅಷ್ಟರಲ್ಲಿ ಬೆಲೆ ಎಲ್ಲಾ ಏರಿ ಆ ದುಡ್ಡಿನ ಬೆಲೆನೇ ಕರಗಿಹೋಯ್ತು. ಆ ತೂತನ್ನ ಮುಚ್ತಾ ಇದ್ದಿದ್ದು ಹೊರದೇಶದ ವಿದ್ಯಾರ್ಥಿಗಳ ಫೀಸು, ಅದರಲ್ಲೂ ಒಂದು ವರ್ಷದ ಮಾಸ್ಟರ್ಸ್‌ಗೆ ಅಂತ ಭಾರತ, ನೈಜೀರಿಯಾ ಕಡೆಯಿಂದ ಹೋಗೋರದ್ದು. 2024ರ ಜನವರಿಯಿಂದ ಇಂಥ ಕೋರ್ಸಿಗೆ ಬರೋರು ಗಂಡ ಹೆಂಡತಿ ಮಕ್ಕಳನ್ನ ಕರ್ಕೊಂಡು ಬರೋ ಹಾಗಿಲ್ಲ ಅಂತ ವೀಸಾ ನಿಯಮ ಬಿಗಿಯಾಯ್ತು, ಅರ್ಜಿಗಳು ಇಳಿದ್ವು, ಯೂನಿವರ್ಸಿಟಿಗಳ ಖಜಾನೆ ಖಾಲಿ ಆಯ್ತು. ಆಗ ಕತ್ತರಿ ಮೊದಲು ಬೀಳೋದು ಕಡಿಮೆ ಮಕ್ಕಳಿರೋ, ಹೊರದೇಶದೋರನ್ನ ಸೆಳೆಯದ ಸಣ್ಣ ವಿಭಾಗದ ಮೇಲೆ. ಅಂದ್ರೆ ಹೈದರಾಬಾದಲ್ಲಿ ಯಾರೋ ಡೇಟಾ ಸೈನ್ಸ್ ಎಂಎಸ್‌ಸಿಗೆ ಅರ್ಜಿ ಹಾಕದೇ ಹೋದದ್ದಕ್ಕೂ ಅಲ್ಲೆಲ್ಲೋ ಕಾಂಟ್ ಅನ್ನೋ ಫಿಲಾಸಫರ್ ಬಗ್ಗೆ ಪಾಠ ನಿಲ್ಲೋದಕ್ಕೂ ಒಂದು ಎಳೆ ಇದೆ.

ಪಿಎಚ್‌ಡಿ ಮಾಡಿದವರಿಗೆ ಪರ್ಮನೆಂಟ್ ಪೋಸ್ಟ್ ಮೊದಲೇ ಕಮ್ಮಿ ಇತ್ತು, ಈಗ ಇನ್ನೂ ಕಮ್ಮಿ. ಹಾಗಾಗಿ ಹೊರಗೆ ಹೋಗ್ತಿರೋರಲ್ಲಿ ಎಲ್ಲರೂ ಆಸೆಪಟ್ಟು ಹೋಗ್ತಿಲ್ಲ, ಬಾಗಿಲು ಮುಚ್ಚಿದ್ದಕ್ಕೆ ಹೋಗ್ತಿರೋರೂ ಇದಾರೆ.

ಹೊರಗೆ ಇವರು ಮಾಡೋದಾದ್ರೂ ಏನು

ಈಗ ಎಲ್ಲರ ಬಾಯಲ್ಲಿರೋದು ಎಐ. ಅಮಾಂಡಾ ಆಸ್ಕೆಲ್ ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಫಿಲಾಸಫಿ ಪಿಎಚ್‌ಡಿ ಮಾಡಿ, ಮೊದಲು ಓಪನ್‌ಎಐ, ಆಮೇಲೆ ಆಂಥ್ರೊಪಿಕ್ ಸೇರಿದೋರು. ಕ್ಲಾಡ್ ಅನ್ನೋ ಎಐ ಹೇಗೆ ನಡ್ಕೋಬೇಕು, ಅದರ ಸ್ವಭಾವ ಹೇಗಿರಬೇಕು ಅನ್ನೋದು ಇವರ ಕೆಲಸ, 2026ರ ಜನವರಿಯಲ್ಲಿ ಕಂಪನಿ ಹೊರಗೆ ಬಿಟ್ಟ "ಸಂವಿಧಾನ" ಅನ್ನೋ ಉದ್ದದ ದಾಖಲೆ ಬರೆಯೋದರಲ್ಲೂ ಇವರದು ಮುಖ್ಯ ಪಾತ್ರ. ಡೀಪ್‌ಮೈಂಡ್‌ನಲ್ಲಿರೋ ಇಯಾಸನ್ ಗೇಬ್ರಿಯಲ್ ಮೊದಲು ಆಕ್ಸ್‌ಫರ್ಡಲ್ಲಿ ರಾಜಕೀಯ ತತ್ವಶಾಸ್ತ್ರ ಪಾಠ ಮಾಡ್ತಿದ್ರು. 2020ರಲ್ಲಿ ಅವರು ಬರೆದ ಒಂದು ಪ್ರಬಂಧದ ವಾದ ಸರಳವಾಗಿ ಹೇಳೋದಾದ್ರೆ ಇಷ್ಟು: ಎಐಗೆ ಕಲಿಸೋಕೆ "ನಿಜವಾದ" ನೀತಿ ಯಾವುದು ಅಂತ ಹುಡುಕ್ತಾ ಕೂರಬೇಡಿ, ಬೇರೆ ಬೇರೆ ನಂಬಿಕೆ ಇರೋ ಜನ ಎಲ್ಲರೂ ನ್ಯಾಯ ಅಂತ ಒಪ್ಪಬಹುದಾದ ನಿಯಮ ಯಾವುದು ಅಂತ ಹುಡುಕಿ. ಇದು ಕೋಡ್ ಬರೆಯೋ ಕೆಲಸ ಅಲ್ಲ, ಆದ್ರೆ ಇದು ಇತ್ಯರ್ಥ ಆಗದೆ ಕೋಡ್ ಬರೆಯೋರು ಏನನ್ನ ಗುರಿ ಇಟ್ಕೋಬೇಕು ಅಂತ ಗೊತ್ತಾಗಲ್ಲ. ಕಂಪನಿಗಳು ಫಿಲಾಸಫರ್‌ಗಳನ್ನ ಕರೆದಿದ್ದು ಈ ಕಾರಣಕ್ಕೆ, ಶೋಕಿಗೆ ಮಾತ್ರ ಅಲ್ಲ.

ಇದಕ್ಕಿಂತ ಹಳೇ ದಾರಿ ಅಂದ್ರೆ ಆಸ್ಪತ್ರೆ. ವೆಂಟಿಲೇಟರ್ ತೆಗೀಬೇಕಾ ಬೇಡ್ವಾ, ಮನೆಯವರಲ್ಲೇ ಒಮ್ಮತ ಇಲ್ಲ, ರೋಗಿ ಮಾತಾಡೋ ಸ್ಥಿತಿಲಿಲ್ಲ, ಇಂಥ ಹೊತ್ತಲ್ಲಿ ಡಾಕ್ಟರ್ ಕರೆಯೋ ಎಥಿಸಿಸ್ಟ್, ಅಂದ್ರೆ ನೀತಿ ತಜ್ಞ, ಅನ್ನೋ ಹುದ್ದೆ ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿದೆ. 1992ರಿಂದ ಅಲ್ಲಿನ ಮಾನ್ಯತೆ ಕೊಡೋ ಸಂಸ್ಥೆ ಇಂಥ ಸಮಸ್ಯೆ ಬಿಡಿಸೋಕೆ ಒಂದು ವ್ಯವಸ್ಥೆ ಇರಲೇಬೇಕು ಅಂತು, 2018ರಿಂದ ಇದಕ್ಕೆ ಪರೀಕ್ಷೆ, ಸರ್ಟಿಫಿಕೇಟ್ ಕೂಡ ಇದೆ. ಗಮನಿಸಿ, ಮೊದಲು ನಿಯಮ ಬಂತು, ಆಮೇಲೆ ಪರೀಕ್ಷೆ, ಸರ್ಟಿಫಿಕೇಟ್ ಬಂತು. ಇದು ಮುಂದೆ ಬೇಕಾಗುತ್ತೆ.

ಮೂರನೇದು ಸರ್ಕಾರಿ ಸಮಿತಿ, ಇದರಲ್ಲಿ ಮೇರಿ ವಾರ್ನಾಕ್ ಕಥೆ ಸ್ವಲ್ಪ ನಿಧಾನವಾಗಿ ನೋಡೋ ಹಾಗಿದೆ. 1978ರಲ್ಲಿ ಮೊದಲ ಟೆಸ್ಟ್ ಟ್ಯೂಬ್ ಮಗು ಹುಟ್ಟಿತು, ಲ್ಯಾಬಲ್ಲಿ ಭ್ರೂಣ ಬೆಳೆಸಬಹುದು ಅಂತಾಯ್ತು, ಎಷ್ಟು ದಿನ ಬೆಳೆಸಬಹುದು ಅಂತ ಬ್ರಿಟನ್ನಲ್ಲಿ ದೊಡ್ಡ ಗಲಾಟೆ. ಒಂದು ಗುಂಪು ಒಂದು ದಿನಾನೂ ಕೂಡದು ಅಂತು, ಇನ್ನೊಂದು ಕಡೆ ಸಂಶೋಧನೆಗೆ ಅಡ್ಡಿ ಬೇಡ ಅನ್ನೋರಿದ್ರು. 1982ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿ ಅದರ ಅಧ್ಯಕ್ಷ ಕುರ್ಚಿಲಿ ಕೂರಿಸಿದ್ದು ಡಾಕ್ಟರನ್ನೂ ಅಲ್ಲ, ಜಡ್ಜನ್ನೂ ಅಲ್ಲ, ಹಿಂದೆ ಆಕ್ಸ್‌ಫರ್ಡಲ್ಲಿ ಒಂದು ಹೆಣ್ಮಕ್ಕಳ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದ ಫಿಲಾಸಫರ್ ವಾರ್ನಾಕ್ ಅವರನ್ನ. 1984ರ ವರದಿ ಹೇಳಿದ್ದು 14 ದಿನ. ಹೆಚ್ಚುಕಮ್ಮಿ ಆ ಹೊತ್ತಿಗೇ ಭ್ರೂಣದಲ್ಲಿ ಮುಂದೆ ದೇಹದ ನಡುಗೆರೆ ಆಗೋ ಒಂದು ಗೀಟು ಮೂಡುತ್ತೆ, ಅದಾದ ಮೇಲೆ ಅದು ಒಡೆದು ಅವಳಿ ಆಗೋ ಸಾಧ್ಯತೆ ಮುಗೀತು ಅಂತ ಲೆಕ್ಕ. 14ರಲ್ಲಿ ಮ್ಯಾಜಿಕ್ ಏನಿಲ್ಲ ಅಂತ ಸಮಿತಿಗೂ ಗೊತ್ತಿತ್ತು, ಆದ್ರೆ ಎಲ್ಲೋ ಒಂದು ಕಡೆ ಎಣಿಸೋಕೆ ಬರೋ ಗೆರೆ ಇಲ್ಲದಿದ್ರೆ ಕಾನೂನು ಜಾರಿ ಮಾಡೋಕಾಗಲ್ಲ. 1990ರಲ್ಲಿ ಅದು ಬ್ರಿಟನ್ನಿನ ಕಾಯ್ದೆ ಆಯ್ತು, ಆಮೇಲೆ ದೇಶದೇಶಕ್ಕೆ ಹರಡ್ತು, ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸ್ಟೆಮ್ ಸೆಲ್ ಮಾರ್ಗಸೂಚಿಯಲ್ಲೂ ಅದೇ 14 ದಿನ ಇದೆ. ಜರ್ನಲ್‌ನಲ್ಲಿ ನೂರು ಪೇಪರ್ ಹಾಕಿದೋರಿಗೂ ಸಿಗದ ಪರಿಣಾಮ ಇದು.

ಇನ್ನು ಫಿಲಾಸಫಿ ಕೌನ್ಸೆಲಿಂಗ್ ಅಂತ ಒಂದಿದೆ. 1981ರಲ್ಲಿ ಜರ್ಮನಿಯಲ್ಲಿ ಗೆರ್ಡ್ ಆಖೆನ್‌ಬಾಖ್ ಶುರು ಮಾಡಿದ್ದು, ಫೀಸ್ ಕೊಟ್ಟು ಫಿಲಾಸಫರ್ ಜೊತೆ ಕೂತು ಬದುಕಿನ ಪ್ರಶ್ನೆ ಮಾತಾಡೋದು. ಎಷ್ಟೋ ಸೈಕಾಲಜಿಸ್ಟ್‌ಗಳಿಗೆ ಇದನ್ನ ಕಂಡ್ರೆ ಆಗಲ್ಲ, ಇದನ್ನೇ ನಂಬಿ ಹೊಟ್ಟೆಪಾಡು ನಡೆಸೋದು ಕಷ್ಟಾನೇ.

ಸ್ಪಿನೋಜಾ ದಾರಿ, ಮಿಲ್ ದಾರಿ

ಕಾಲೇಜು ಬಿಟ್ರೆ ಫಿಲಾಸಫಿ ಇಲ್ಲ ಅನ್ನೋರಿಗೆ ಇತಿಹಾಸ ಸುಮ್ಮನೆ ಒಂದು ಸಲ ತಿರುವಿ ಹಾಕಿ ಅಂತ ಹೇಳಬೇಕು. ಸ್ಕಾಟ್ಲೆಂಡಿನ ಫಿಲಾಸಫರ್ ಹ್ಯೂಮ್‌ಗೆ ಎಡಿನ್‌ಬರಾದಲ್ಲೂ ಗ್ಲಾಸ್ಗೋದಲ್ಲೂ ಪ್ರೊಫೆಸರ್ ಪೋಸ್ಟ್ ಸಿಗಲೇ ಇಲ್ಲ, ಲೈಬ್ರರಿಯನ್ ಆಗಿದ್ದ. ನಮ್ಮಲ್ಲಿ ಡಿವಿಜಿ ಮೆಟ್ರಿಕ್ ಕೂಡ ದಾಟಿರಲಿಲ್ಲ, ಪತ್ರಿಕೆ ನಡೆಸ್ಕೊಂಡೇ ಬದುಕಿದೋರು. ಹನ್ನೆರಡನೇ ಶತಮಾನದ ಶರಣರಂತೂ ಬಿಡಿ, ದೋಣಿ ನಡೆಸೋರು, ಹಗ್ಗ ಹೊಸೆಯೋರು.

ಆದ್ರೆ ಹೊರಗಿನ ಬದುಕು ಅಂದ್ರೆ ಎಲ್ಲಾ ಒಂದೇ ಥರ ಅಲ್ಲ. ಹದಿನೇಳನೇ ಶತಮಾನದ ಡಚ್ ಫಿಲಾಸಫರ್ ಸ್ಪಿನೋಜಾ ಕನ್ನಡಕದ, ದುರ್ಬೀನಿನ ಗಾಜು ಉಜ್ತಿದ್ದ. 1673ರಲ್ಲಿ ಹೈಡೆಲ್‌ಬರ್ಗ್ ಯೂನಿವರ್ಸಿಟಿ ಕರೆದು ಪ್ರೊಫೆಸರ್ ಮಾಡ್ತೀವಿ ಅಂತು, ಜೊತೆಗೆ ಅಲ್ಲಿನ ಧರ್ಮಕ್ಕೆ ತೊಂದರೆ ಆಗೋ ಹಾಗೆ ಮಾತಾಡಲ್ಲ ಅಂತ ನಂಬಿದೀವಿ ಅಂತ ಒಂದು ಸಾಲು ಸೇರಿಸ್ತು. ಆ ಗೆರೆ ಎಲ್ಲಿದೆ ಅಂತ ಗೊತ್ತಿಲ್ಲ ಅಂತ ಸ್ಪಿನೋಜಾ ಹೋಗಲೇ ಇಲ್ಲ. ಗಾಜು ಉಜ್ಜೋ ಕೆಲಸಕ್ಕೂ ಅವನ ಯೋಚನೆಗೂ ಸಂಬಂಧ ಇರಲಿಲ್ಲ, ಗಿರಾಕಿಗೆ ಬೇಕಿದ್ದಿದ್ದು ಗಾಜು ಮಾತ್ರ, ಅದಕ್ಕೇ ಯೋಚನೆ ಸ್ವತಂತ್ರವಾಗಿತ್ತು.

ಇಂಗ್ಲೆಂಡಿನ ಫಿಲಾಸಫರ್ ಜಾನ್ ಸ್ಟುವರ್ಟ್ ಮಿಲ್ ಕಥೆ ಉಲ್ಟಾ. ಅವನು 1823ರಲ್ಲಿ ಹದಿನೇಳು ತುಂಬಿದಾಗ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಆಫೀಸಿಗೆ ಸೇರಿ 1858ರವರೆಗೆ, ಅಂದ್ರೆ 35 ವರ್ಷ, ಭಾರತದಲ್ಲಿದ್ದ ಕಂಪನಿ ಆಡಳಿತಕ್ಕೆ ಹೋಗೋ ಪತ್ರ ಬರೀತಾ ಕೂತಿದ್ದ. ಸಂಬಳ ಚೆನ್ನಾಗಿತ್ತು, ಟೈಮೂ ಸಿಗ್ತಿತ್ತು, ದೊಡ್ಡ ದೊಡ್ಡ ಪುಸ್ತಕ ಆ ನೌಕರಿಯ ನಡುವೆನೇ ಹುಟ್ಟಿದ್ದು. ಆದ್ರೆ 1857ರ ದಂಗೆ ಆದ್ಮೇಲೆ ಕಂಪನಿ ಆಡಳಿತ ತೆಗೆದುಹಾಕೋಣ ಅಂತ ಬ್ರಿಟಿಷ್ ಸರ್ಕಾರ ಹೊರಟಾಗ ಕಂಪನಿ ಪರವಾಗಿ ಪಾರ್ಲಿಮೆಂಟಿಗೆ ಮನವಿ ಬರೆದುಕೊಟ್ಟಿದ್ದು ಇದೇ ಮಿಲ್. 1859ರಲ್ಲಿ ವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಬಂದ ಅವನ ಪುಸ್ತಕದಲ್ಲಿ, ಈ ಸಿದ್ಧಾಂತ ಇನ್ನೂ "ಹಿಂದುಳಿದ" ಸಮಾಜಗಳಿಗೆ ಅನ್ವಯ ಆಗಲ್ಲ ಅಂತ ಒಂದು ವಿನಾಯಿತಿ ಇದೆ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಹರಿತವಾಗಿ ಯೋಚಿಸಿದವನಿಗೆ ತನಗೆ ಸಂಬಳ ಕೊಡೋ ಕಂಪನಿ ಕಸ್ಕೊಂಡಿದ್ದ ಸ್ವಾತಂತ್ರ್ಯ ಕಾಣಿಸಲಿಲ್ಲ. ಉಂಡ ಮನೆ ಜಂತೆ ಎಣಿಸಬಾರದು ಅಂತಾರೆ ನಮ್ಮಲ್ಲಿ, ಫಿಲಾಸಫರ್ ಕೆಲಸಾನೇ ಜಂತೆ ಎಣಿಸೋದು. ತೊಡಕು ಇರೋದು ಅಲ್ಲಿ.

ಇವತ್ತು ಬ್ಯಾಂಕಲ್ಲಿ ಕೆಲಸ ಮಾಡ್ಕೊಂಡು ರಾತ್ರಿ ಫಿಲಾಸಫಿ ಬರೆಯೋರು ಸ್ಪಿನೋಜಾ ದಾರಿಯೋರು. ಎಐ ಕಂಪನಿಯ ಒಳಗೆ ಎಐ ಬಗ್ಗೆನೇ ಯೋಚಿಸೋರು ಮಿಲ್ ದಾರಿಯೋರು. ಮೊದಲನೆಯವರಿಗೆ ಸ್ವಾತಂತ್ರ್ಯ ಇದೆ ಟೈಮ್ ಇಲ್ಲ, ಎರಡನೆಯವರಿಗೆ ಟೈಮ್ ಇದೆ, ಪ್ರಭಾವಾನೂ ಇದೆ, ಸ್ವಾತಂತ್ರ್ಯ ಎಷ್ಟಿದೆ ಅನ್ನೋದು ಜಗಳದ ವಿಷಯ.

ಒಳಗೆ ಕೂತ್ರೆ ಮಾತು ನಡಿಯುತ್ತಾ?

ನಡಿಯಲ್ಲ ಅನ್ನೋರ ಹತ್ರ ಉದಾಹರಣೆ ಇದೆ. 2019ರ ಮಾರ್ಚ್ ಕೊನೇಲಿ ಗೂಗಲ್ ಎಐ ನೀತಿ ಬಗ್ಗೆ ಸಲಹೆ ಕೊಡೋಕೆ ಹೊರಗಿನವರ ಮಂಡಳಿ ಮಾಡ್ತು, ಅದರಲ್ಲಿ ಲೂಚಾನೊ ಫ್ಲೊರಿಡಿ ಅನ್ನೋ ಹೆಸರಾಂತ ಫಿಲಾಸಫರ್ ಇದ್ರು. ಇನ್ನೊಬ್ಬ ಸದಸ್ಯರ ಬಗ್ಗೆ ಉದ್ಯೋಗಿಗಳೇ ಸಿಟ್ಟಾಗಿ ಸಹಿ ಸಂಗ್ರಹ ಮಾಡಿದ್ರು, ಒಂದೇ ವಾರ ಚಿಲ್ಲರೆಗೆ ಮಂಡಳಿನೇ ರದ್ದು. 2023ರಲ್ಲಿ ಮೈಕ್ರೋಸಾಫ್ಟ್ ಹತ್ತು ಸಾವಿರ ಜನರನ್ನ ತೆಗೆದಾಗ ಅದರ ಎಥಿಕ್ಸ್ ಅಂಡ್ ಸೊಸೈಟಿ ಟೀಮೂ ಹೋಯ್ತು, ಅದೇ ಹೊತ್ತಲ್ಲಿ ಕಂಪನಿ ಎಐಗೆ ಕೋಟಿ ಕೋಟಿ ಸುರೀತಿತ್ತು. ಸಂಬಳ ಕೊಡೋರು ಬೇಕಾದಾಗ ಇಟ್ಕೋತಾರೆ ಬೇಡವಾದಾಗ ಕಳಿಸ್ತಾರೆ ಅಂದ್ಮೇಲೆ ಇದು ನೀತಿಯ ಮೇಕಪ್ ಅಷ್ಟೇ ಅಂತ ಇವರ ವಾದ.

ಒಳಗಿರೋರ ವಾದಾನೂ ಸುಲಭಕ್ಕೆ ತಳ್ಳಿಹಾಕೋ ಹಾಗಿಲ್ಲ. ಕೋಟಿಗಟ್ಟಲೆ ಜನ ಮಾತಾಡೋ ಯಂತ್ರ ಹೇಗೆ ಉತ್ತರ ಕೊಡಬೇಕು ಅನ್ನೋದು ಹೇಗಿದ್ರೂ ಯಾರಾದ್ರೂ ತೀರ್ಮಾನ ಮಾಡೇ ಮಾಡ್ತಾರೆ, ಆ ರೂಮಲ್ಲಿ ಇದರ ಬಗ್ಗೆ ಯೋಚಿಸೋಕೆ ಕಲಿತವರೊಬ್ಬರು ಇದ್ರೆ ಒಳ್ಳೇದಾ, ಇಲ್ಲದಿದ್ರೆ ಒಳ್ಳೇದಾ? ಯೂನಿವರ್ಸಿಟಿ ಅಂದ ತಕ್ಷಣ ಸ್ವಾತಂತ್ರ್ಯ ಉಕ್ಕಿ ಹರಿಯುತ್ತೆ ಅನ್ನೋದೂ ಭ್ರಮೆ. ಆಕ್ಸ್‌ಫರ್ಡಲ್ಲಿ 2005ರಲ್ಲಿ ಶುರುವಾಗಿದ್ದ ಫ್ಯೂಚರ್ ಆಫ್ ಹ್ಯುಮ್ಯಾನಿಟಿ ಇನ್‌ಸ್ಟಿಟ್ಯೂಟ್, ಎಐ ಅಪಾಯದ ಬಗ್ಗೆ ಬೇರೆಯವರು ನಗ್ತಿದ್ದಾಗಲೇ ಯೋಚಿಸಿದ ಗುಂಪು. ಅಲ್ಲಿನ ಫಿಲಾಸಫಿ ವಿಭಾಗದ ಆಡಳಿತ 2020ರಿಂದ ಹೊಸ ನೇಮಕ, ಹಣ ಸಂಗ್ರಹ ಎರಡಕ್ಕೂ ತಡೆ ಹಾಕಿ, 2024ರ ಏಪ್ರಿಲ್‌ನಲ್ಲಿ ಸಂಸ್ಥೆ ಮುಚ್ಚೇ ಹೋಯ್ತು. ಎಐ ಭರಾಟೆ ಜೋರಾಗಿರೋ ಹೊತ್ತಲ್ಲೇ ಅದರ ಬಗ್ಗೆ ಮೊದಲು ಯೋಚಿಸಿದ ಜಾಗಕ್ಕೆ ಯೂನಿವರ್ಸಿಟಿಲಿ ಉಳಿಗಾಲ ಇರಲಿಲ್ಲ, ಅಲ್ಲಿದ್ದೋರಲ್ಲಿ ಕೆಲವರು ಕಂಪನಿಗಳ ಕಡೆ ಹೋದ್ರು.

ಈ ವಾದದಲ್ಲಿ ಯಾರು ಸರಿ ಅನ್ನೋದಕ್ಕಿಂತ ನೋಡಬೇಕಾದ್ದು ಇನ್ನೊಂದಿದೆ: ಒಳಗಿರೋರು ಬರೆದದ್ದು ಹೊರಗೆ ಬರುತ್ತಾ, ಹೊರಗಿನೋರು ಅದನ್ನ ಹರಿದು ಹಾಕಬಹುದಾ? ಗೇಬ್ರಿಯಲ್ ಪ್ರಬಂಧ ಪ್ರಕಟಿಸ್ತಾರೆ, ಆಂಥ್ರೊಪಿಕ್‌ನ ದಾಖಲೆ ಸಾರ್ವಜನಿಕವಾಗಿದೆ, ಅದನ್ನ ಯಾರು ಬೇಕಾದ್ರೂ ಓದಿ ಬೈಬಹುದು. ಆದ್ರೆ ಯಾವುದನ್ನ ಹೊರಗೆ ಬಿಡಬೇಕು ಅಂತ ತೀರ್ಮಾನ ಮಾಡೋದು ಕಂಪನಿನೇ.

ಸಂಬಳ ಸಿಗ್ತು, ವಾದ ಮಾಡೋಕೆ ಜನ ಎಲ್ಲಿ?

ಕಾಲೇಜಿನ ನೌಕರಿ ಅಂದ್ರೆ ಬರೀ ಸಂಬಳ ಅಲ್ಲ. ಅದರ ಜೊತೆ ಲೈಬ್ರರಿ ಬರುತ್ತೆ, ವಾರವಾರ ಸೆಮಿನಾರ್ ಬರುತ್ತೆ, ನೀನು ಹೇಳಿದ್ದು ಶುದ್ಧ ತಪ್ಪು ಅಂತ ಮುಖಕ್ಕೆ ಹೇಳೋ ನಾಲ್ಕು ಜನ ಬರ್ತಾರೆ. ಎಲ್ಲಾ ಒಂದೇ ಪ್ಯಾಕೇಜಲ್ಲಿ ಬರೋದ್ರಿಂದ ಒಳಗಿರೋವರೆಗೂ ಯಾರಿಗೂ ಇದರ ಬೆಲೆ ಗೊತ್ತಾಗಲ್ಲ. ಹೊರಗೆ ಬಂದ ದಿನವೇ ಪ್ಯಾಕೇಜ್ ಒಡೆದುಹೋಗುತ್ತೆ: ಸಂಬಳ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ, ವಾದ ಮಾಡೋ ಜನ ಎಲ್ಲೂ ಇಲ್ಲ.

ಲೈಬ್ರರಿಯಿಂದಲೇ ಶುರು ಮಾಡೋಣ. ಜರ್ನಲ್‌ನ ಒಂದೊಂದು ಲೇಖನಕ್ಕೆ ಸಾವಿರಾರು ರೂಪಾಯಿ ಕೇಳ್ತಾರೆ. ಭಾರತ ಸರ್ಕಾರ 2025ರ ಜನವರಿಯಲ್ಲಿ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಶುರು ಮಾಡ್ತು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್. ಒಳ್ಳೇ ಯೋಜನೆನೇ, ಆದ್ರೆ ಸಿಗೋದು ಸರ್ಕಾರಿ ಕಾಲೇಜು, ಯೂನಿವರ್ಸಿಟಿ, ಸಂಶೋಧನಾ ಸಂಸ್ಥೆಗಳಲ್ಲಿ ಇರೋರಿಗೆ. ಪಿಎಚ್‌ಡಿ ಮುಗಿಸಿ ವೈಟ್‌ಫೀಲ್ಡಿನ ಕಂಪನಿ ಸೇರಿದೋರಿಗೆ, ತುಮಕೂರಲ್ಲಿ ಪತ್ರಕರ್ತರಾಗಿ ಫಿಲಾಸಫಿ ಬರೆಯೋರಿಗೆ ಅದರಲ್ಲಿ ಜಾಗ ಇಲ್ಲ. ಹೊರಗಿರೋರನ್ನ ಕಾಪಾಡ್ತಿರೋದು 1995ರಿಂದ ಬಿಟ್ಟಿಯಾಗಿ ಸಿಗ್ತಿರೋ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಅನ್ನೋ ಆನ್‌ಲೈನ್ ಫಿಲಾಸಫಿ ವಿಶ್ವಕೋಶ, ಜೊತೆಗೆ ಯಾವ ಪ್ರಬಂಧ ಎಲ್ಲಿದೆ ಅಂತ ಹುಡುಕಿಕೊಡೋ ಫಿಲ್‌ಪೇಪರ್ಸ್. ಎರಡೂ ಇಂಗ್ಲಿಷಲ್ಲಿ ಅನ್ನೋದು ಬೇರೆ ಮಾತು.

ಜನ ಸೇರಿಸೋದು ಇದಕ್ಕಿಂತ ಕಷ್ಟ. 1992ರಲ್ಲಿ ಪ್ಯಾರಿಸ್ಸಿನ ಬ್ಯಾಸ್ಟಿಲ್ ಚೌಕದ ಒಂದು ಕೆಫೆಯಲ್ಲಿ ಮಾರ್ಕ್ ಸೋಟೆ ಭಾನುವಾರ ಬೆಳಗ್ಗೆ ಫಿಲಾಸಫಿ ಚರ್ಚೆ ಶುರು ಮಾಡಿದ್ರು, ಅದು ಎಷ್ಟೋ ದೇಶಕ್ಕೆ ಹಬ್ಬಿತು. ಯಾರು ಬೇಕಾದ್ರೂ ಬರಬಹುದು, ಅದೇ ಅದರ ಶಕ್ತಿ, ಅದೇ ಅದರ ಮಿತಿ. ಪ್ರತಿ ವಾರ ಹೊಸಬರು ಬರೋದ್ರಿಂದ ಚರ್ಚೆ ಪ್ರತಿ ವಾರ ಒಂದನೇ ಮೆಟ್ಟಿಲಿಂದಲೇ ಶುರು, ಒಂದೇ ವಾದವನ್ನ ತಿಂಗಳುಗಟ್ಟಲೆ ತಿಕ್ಕಿ ತೀಡೋ ಕೆಲಸ ಅಲ್ಲಿ ಆಗಲ್ಲ.

ಬೆಂಗಳೂರಿನಲ್ಲಿ ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಈ ವಿಷಯದಲ್ಲಿ ಬುದ್ಧಿವಂತ ಏರ್ಪಾಡು. ಕಟ್ಟಡ ಇದೆ, ಲೈಬ್ರರಿ ಇದೆ, ಅಧ್ಯಯನ ಗೋಷ್ಠಿಗೆ ಅಂತ ಮತ್ತೆ ಮತ್ತೆ ಅದೇ ಜನ ಬಂದು ಕೂರೋ ಪದ್ಧತಿ ಇತ್ತು, ಡಿಗ್ರಿ ಕೇಳ್ತಿರಲಿಲ್ಲ. ಈಗಿನ ಕಾಲದಲ್ಲಿ ಸುಂದರ್ ಸಾರುಕ್ಕೈ ಅವರನ್ನ ನೋಡಬಹುದು, ಮಣಿಪಾಲದಲ್ಲಿ ಫಿಲಾಸಫಿ ಕೇಂದ್ರ ಕಟ್ಟಿ ನಡೆಸಿದೋರು, ಆಮೇಲೆ ಬೇರ್‌ಫುಟ್ ಫಿಲಾಸಫರ್ಸ್ ಅಂತ ಶುರು ಮಾಡಿ ಮಕ್ಕಳ, ಜನಸಾಮಾನ್ಯರ ನಡುವೆ ಫಿಲಾಸಫಿ ತಗೊಂಡು ಹೋಗ್ತಿದಾರೆ. ಆದ್ರೆ ಇಂಥವು ಒಬ್ಬಿಬ್ಬರ ಹೆಗಲ ಮೇಲೆ ನಿಂತಿರ್ತವೆ, ಅವರ ನಂತರ ಯಾರು ಅನ್ನೋ ಪ್ರಶ್ನೆ ಯಾವಾಗಲೂ ಇದ್ದೇ ಇರುತ್ತೆ.

ಮುಂದೆ ಏನಾಗಬಹುದು, ನಮ್ಮಲ್ಲಿ ಏನಿದೆ

ಎಐ ಕಂಪನಿಗಳಲ್ಲಿ ಈ ಥರದ ಹುದ್ದೆ ಜಗತ್ತಿಗೆಲ್ಲಾ ಸೇರಿ ತೀರಾ ಕಮ್ಮಿ, ಅದಕ್ಕೆ ಆಸೆಪಟ್ಟು ಫಿಲಾಸಫಿ ಎಂಎ ಸೇರೋದು ಲಾಟರಿ ಟಿಕೆಟ್ ತಗೊಂಡ ಹಾಗೆನೇ. ಇನ್ನೊಂದು ಪರಿಣಾಮ ನಿಧಾನಕ್ಕೆ ಕಾಣಿಸುತ್ತೆ: ಈಗ ಕಂಪನಿ ಸೇರಿರೋರನ್ನ ತಯಾರು ಮಾಡಿದ್ದು ಯೂನಿವರ್ಸಿಟಿಗಳೇ. ಆ ವಿಭಾಗಗಳು ಮುಚ್ತಾ ಹೋದ್ರೆ ಮುಂದಿನ ಗೇಬ್ರಿಯಲ್, ಆಸ್ಕೆಲ್ ಎಲ್ಲಿ ತಯಾರಾಗ್ತಾರೆ? ಇನ್ನು ಒಳಗಿರೋರ ಬರಹವನ್ನ ಸಂಬಳದ ಹಂಗಿಲ್ಲದೆ ಪ್ರಶ್ನಿಸೋ ಪ್ರೊಫೆಸರ್‌ಗಳೂ ಅದೇ ವಿಭಾಗದಲ್ಲೇ ಇರೋದು.

ಭಾರತದಲ್ಲಿ ಮಾತ್ರ ಒಂದು ವಿಚಿತ್ರ ಅವಕಾಶ ಕಣ್ಣೆದುರೇ ಬಿದ್ದಿದೆ. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು 2019ರಲ್ಲಿ ಬಂದ್ವು. ಅದರ ಪ್ರಕಾರ ಜನರ ಮೇಲೆ ಔಷಧ ಪ್ರಯೋಗ ಮಾಡಬೇಕಂದ್ರೆ ಎಥಿಕ್ಸ್ ಕಮಿಟಿ ಒಪ್ಪಬೇಕು, ಅದರಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟಾದ್ರೂ ಆ ಸಂಸ್ಥೆಗೆ ಸಂಬಂಧ ಇಲ್ಲದ ಹೊರಗಿನೋರಿರಬೇಕು. ಆ ಸದಸ್ಯರ ಪಟ್ಟಿಯಲ್ಲಿ ಸಮಾಜ ವಿಜ್ಞಾನಿ ಅಥವಾ ಎನ್‌ಜಿಒ ಪ್ರತಿನಿಧಿ ಅಥವಾ ಫಿಲಾಸಫರ್ ಅಥವಾ ಎಥಿಸಿಸ್ಟ್ ಅಥವಾ ಧರ್ಮಶಾಸ್ತ್ರ ಬಲ್ಲವರು ಅಂತ ಒಂದು ಸ್ಥಾನ ಇದೆ. ಫಿಲಾಸಫರ್ ಅನ್ನೋ ಪದ ಕಾನೂನಲ್ಲೇ ಇದೆ, ಆದ್ರೆ ಸುತ್ತ ಅಷ್ಟೊಂದು "ಅಥವಾ" ಇರೋದ್ರಿಂದ ಆ ಕುರ್ಚಿಲಿ ಫಿಲಾಸಫರೇ ಕೂರಬೇಕು ಅಂತ ಯಾರೂ ಒತ್ತಾಯ ಮಾಡೋಕಾಗಲ್ಲ, ಒಬ್ಬ ಸಮಾಜ ಸೇವಕರನ್ನ ಕೂರಿಸಿದ್ರೂ ನಿಯಮ ಪಾಲಿಸಿದ ಹಾಗೆ ಆಯ್ತು. ಇದು ಪೂರ್ತಿ ಹೊತ್ತಿನ ನೌಕರಿ ಅಲ್ಲ, ಮೀಟಿಂಗಿಗೆ ಹೋಗಿ ಬರೋ ಕೆಲಸ. ಅರ್ಧದಷ್ಟಾದ್ರೂ ಹೊರಗಿನೋರು ಬೇಕು ಅನ್ನೋ ನಿಯಮದಿಂದಾಗಿ ಮಿಲ್‌ಗೆ ಬಂದ ತೊಡಕು ಇಲ್ಲಿ ಅಷ್ಟು ಬರಲ್ಲ, ಬೇರೆ ಕಡೆ ಸಂಬಳ ತಗೊಳ್ಳೋರು ಬಂದು ಜಂತೆ ಎಣಿಸಬಹುದು. ಅಮೆರಿಕದಲ್ಲಿ ನಿಯಮ ಬಂದಮೇಲೆ ಪರೀಕ್ಷೆ ಬಂತು, ಸರ್ಟಿಫಿಕೇಟ್ ಬಂತು. ನಮ್ಮಲ್ಲಿ ನಿಯಮ ಬಂದಿದೆ, ಮಿಕ್ಕಿದ್ದು ಅಷ್ಟಾಗಿ ಬಂದಿಲ್ಲ. ನಮ್ಮ ಯೂನಿವರ್ಸಿಟಿಗಳ ಫಿಲಾಸಫಿ ಎಂಎಯಲ್ಲಿ ಸಂಶೋಧನಾ ನೀತಿ ಬಗ್ಗೆ ಒಂದು ಪೇಪರ್ ಗಟ್ಟಿಯಾಗಿ ಕಲಿಸಿ, ಪಾಸಾದವರ ಹೆಸರು ಸುತ್ತಮುತ್ತಲಿನ ಮೆಡಿಕಲ್ ಕಾಲೇಜುಗಳ ಕಮಿಟಿಗೆ ಕಳಿಸೋಕೆ ಯಾವ ಹೊಸ ಕಾಯ್ದೆನೂ ಬೇಕಿಲ್ಲ.